ವಿಶ್ವಾಸ ಮತ್ತು ಶ್ರದ್ಧೆ: ಬಾಳ್ಳುಪೇಟೆಯ ಮಲೆಸೀಮೆಯ ಇತಿಹಾಸದಿಂದ ಒಂದು ವಿವೇಚನೆ

೧. ವಿಷಯ ಪ್ರವೇಶ

ಒಬ್ಬ ಮನುಷ್ಯನು ಇನ್ನೊಬ್ಬನನ್ನು ನಂಬುತ್ತಾನೆ ಎಂದು ಹೇಳುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಿಂದ ಸೂಚಿಸುತ್ತೇವೆ. ಸಂತೆಗೆ ಹೊರಟ ನೆರೆಯವನ ಕೈಯಲ್ಲಿ ಮೆಣಸಿನ ಮೂಟೆಯನ್ನು ಕೊಟ್ಟು ಕಳುಹಿಸುವವನು ಅವನನ್ನು ನಂಬಿದವನು; ಒಡೆಯನು ಅಳಿದ ದಿನವೇ ತಾನೂ ಅಳಿಯುವೆನೆಂದು ಭಾಷೆ ಕೊಟ್ಟ ಬಂಟನೂ ಒಡೆಯನನ್ನು ನಂಬಿದವನೇ. ಇವೆರಡೂ ಒಂದೇ ಮನೋಧರ್ಮದ ಹೆಚ್ಚು ಕಡಿಮೆಗಳೋ ಅಥವಾ ಜಾತಿಯಲ್ಲಿಯೇ ಬೇರೆಯಾದ ಎರಡು ಸಂಬಂಧಗಳೋ ಎಂಬುದು ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ. ಇದನ್ನು ತತ್ತ್ವಶಾಸ್ತ್ರದ ಪರಿಭಾಷೆಯಿಂದ ಬಿಡಿಸುವುದು ಒಂದು ಮಾರ್ಗ. ಒಂದು ಸೀಮೆಯ ಜನ ಅನೇಕ ಶತಮಾನಗಳಲ್ಲಿ ಈ ಸಂಬಂಧಗಳನ್ನು ಹೇಗೆ ಬಾಳಿದರು, ಅವುಗಳಿಗಾಗಿ ಏನನ್ನು ತೆತ್ತರು ಎಂಬುದನ್ನು ನೋಡಿ ಬಿಡಿಸುವುದು ಮತ್ತೊಂದು. ನಾವು ಎರಡನೆಯ ಮಾರ್ಗವನ್ನು ಹಿಡಿದಿದ್ದೇವೆ.

ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಆಲೂರಿಗೂ ಸಕಲೇಶಪುರಕ್ಕೂ ನಡುವೆ ಇರುವ ಬಾಳ್ಳುಪೇಟೆಯನ್ನು ಕೇಂದ್ರವಾಗಿಟ್ಟುಕೊಂಡರೆ ಈ ವಿಚಾರಕ್ಕೆ ಬೇಕಾದ ಸಾಕ್ಷ್ಯವೆಲ್ಲ ಅದರ ಸುತ್ತಲೇ ದೊರೆಯುತ್ತದೆ. ಉತ್ತರಕ್ಕೆ ಬೇಲೂರು, ಅದರಾಚೆ ಹೊಯ್ಸಳರ ಮೂಲಸ್ಥಾನವಾದ ಅಂಗಡಿ, ಈಶಾನ್ಯಕ್ಕೆ ಹಳೇಬೀಡು. ಪಶ್ಚಿಮಕ್ಕೆ ಐಗೂರು ಪಾಳೆಯಗಾರರ ಬಲಂ ಸೀಮೆ, ಟಿಪ್ಪುವಿನ ಮಂಜರಾಬಾದು ಕೋಟೆ. ಎಲ್ಲೆಡೆಯೂ ಹತ್ತೊಂಬತ್ತನೆಯ ಶತಮಾನದಿಂದ ಹಬ್ಬಿದ ಕಾಫಿಯ ತೋಟ, ತಗ್ಗಿನಲ್ಲಿ ಬತ್ತದ ಗದ್ದೆ. ಒಡೆಯ ಮತ್ತು ಬಂಟ, ಅರಸ ಮತ್ತು ಪಾಳೆಯಗಾರ, ತೋಟದ ಯಜಮಾನ ಮತ್ತು ಆಳು, ಗದ್ದೆಯ ನೆರೆಹೊರೆಯವರು — ಈ ನಾಲ್ಕು ಜೋಡಿಗಳ ಇತಿಹಾಸವೂ ಈ ಒಂದೇ ಪ್ರದೇಶದಲ್ಲಿ ಪದರ ಪದರವಾಗಿ ಕೂಡಿದೆ.

೨. ಪದಗಳ ವಿಚಾರ

ಕನ್ನಡದ 'ನಂಬು' ಎಂಬ ಧಾತು ಎರಡು ಅರ್ಥಗಳನ್ನೂ ಒಳಗೊಂಡಿದೆ. 'ನಂಬಿಗಸ್ತನಾದ ಆಳು' ಎಂಬಲ್ಲಿ ಅದಕ್ಕೆ ಒಂದರ್ಥ. 'ದೇವರನ್ನು ನಂಬಿದವನು' ಎಂಬಲ್ಲಿ ಮತ್ತೊಂದರ್ಥ. ಸಂಸ್ಕೃತದಿಂದ ಬಂದ ಎರಡು ಪದಗಳು ಈ ಭೇದವನ್ನು ಸ್ಪಷ್ಟಪಡಿಸಲು ನೆರವಾಗುತ್ತವೆ. 'ವಿಶ್ವಾಸ'ವು ಉಸಿರಾಡುವುದೆಂಬ ಅರ್ಥದ 'ಶ್ವಸ್' ಧಾತುವಿನಿಂದ ಹುಟ್ಟಿದೆ. ಯಾರ ಬಳಿಯಲ್ಲಿ ಅಂಜಿಕೆಯಿಲ್ಲದೆ ಉಸಿರಾಡಬಹುದೋ ಅವರಲ್ಲಿ ವಿಶ್ವಾಸ. 'ಶ್ರದ್ಧೆ'ಯು 'ಶ್ರತ್' ಮತ್ತು ಇಡುವುದೆಂಬ ಅರ್ಥದ 'ಧಾ' ಎಂಬಿವುಗಳಿಂದಾದುದು. ಹೃದಯವನ್ನು ಇಡುವುದೆಂಬುದು ಅದರ ಮೂಲಾರ್ಥವೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಲ್ಯಾಟಿನ್ ಭಾಷೆಯ 'ಕ್ರೇದೋ' ಎಂಬುದು ಇದರ ಜ್ಞಾತಿಪದ. ಒಂದು, ಭಯ ನೀಗಿದ ಸ್ಥಿತಿ. ಇನ್ನೊಂದು, ತನ್ನನ್ನೇ ಒಪ್ಪಿಸಿಬಿಡುವ ಕ್ರಿಯೆ. ಇಂದಿನ ಬಳಕೆಯಲ್ಲಿ ವಿಶ್ವಾಸವೆಂದರೆ ಸ್ನೇಹವೂ ಹೌದು, ಶ್ರದ್ಧೆಯೆಂದರೆ ಕೆಲಸದಲ್ಲಿನ ಆಸ್ಥೆಯೂ ಹೌದು. ಈ ಲೇಖನದಲ್ಲಿ ಮಾತ್ರ ನಾವು ಅವನ್ನು ಮೇಲೆ ಹೇಳಿದ ನಿಯತಾರ್ಥಗಳಲ್ಲಿ ಬಳಸುತ್ತೇವೆ.

ಲಕ್ಷಣದಿಂದ ನೋಡಿದರೆ ವ್ಯತ್ಯಾಸ ಇನ್ನೂ ವಿಶದವಾಗುತ್ತದೆ. ವಿಶ್ವಾಸಕ್ಕೆ ಯಾವಾಗಲೂ ಒಂದು ವಿಷಯವಿದೆ, ಒಂದು ಮೇರೆಯಿದೆ. ಇಂಥವನಿಗೆ ಹಣವನ್ನು ಕೊಡಬಹುದು, ಗುಟ್ಟನ್ನು ಹೇಳಬಾರದು ಎಂದು ನಾವು ಅಂದುಕೊಳ್ಳುವುದುಂಟು. ಇದರಲ್ಲಿ ವಿರೋಧವೇನೂ ಇಲ್ಲ. ಅದು ಹಿಂದಿನ ನಡತೆಯನ್ನು ನೋಡಿ ಬೆಳೆಯುತ್ತದೆ, ತಪ್ಪಿದರೆ ಕುಗ್ಗುತ್ತದೆ, ಕಾಲಾಂತರದಲ್ಲಿ ಮತ್ತೆ ಚಿಗುರಲೂ ಬಲ್ಲದು. ಶ್ರದ್ಧೆಗೆ ಇಂಥ ಮೇರೆಯಿಲ್ಲ. ಅದು ವ್ಯಕ್ತಿಯನ್ನು ಇಡಿಯಾಗಿ ಹಿಡಿಯುತ್ತದೆ, ಸಾಕ್ಷ್ಯಕ್ಕೆ ಕಾಯುವುದಿಲ್ಲ, ಪ್ರತಿಫಲವನ್ನು ಲೆಕ್ಕವಿಡುವುದಿಲ್ಲ. ಆದುದರಿಂದಲೇ ವಿಶ್ವಾಸಕ್ಕೆ ತಪ್ಪಿದವನನ್ನು ಮಾತಿಗೆ ತಪ್ಪಿದವನೆಂದೂ ಶ್ರದ್ಧೆಯನ್ನು ಮುರಿದವನನ್ನು ದ್ರೋಹಿಯೆಂದೂ ಲೋಕವು ಕರೆಯುತ್ತದೆ.

೩. ಜೋಳವಾಳಿ ಮತ್ತು ವೇಳೆವಾಳಿ

ಈ ಭೇದವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬಂಟನ ನಿಷ್ಠೆಗೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಬೇರೆ ಬೇರೆ ಹೆಸರುಗಳಿವೆ. ಡಾ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಇವನ್ನು ವಿವೇಚಿಸಿದ್ದಾರೆ. ಜೋಳವಾಳಿಯೆಂದರೆ ಒಡೆಯನ ಜೋಳವನ್ನು ಉಂಡ ಋಣವನ್ನು ತೀರಿಸುವುದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಇಂದಿನ ಮಾತಿನಲ್ಲಿ ಅದರ ದನಿ ಇನ್ನೂ ಉಳಿದಿದೆ. ವೇಳೆವಾಳಿಯೆಂದರೆ ಸಮಯ ಬಂದಾಗ ಪ್ರಾಣವನ್ನೇ ಒಪ್ಪಿಸುವೆನೆಂಬ ವ್ರತ. ಲೆಂಕವಾಳಿಯೂ ಗರುಡವ್ರತವೂ ಇದರ ಸಮೀಪದವು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಒಡೆಯನಿಗೆ ತಾನೆಂಬುದು ಗರುಡನಾದವನ ಭಾವನೆ.

ಜೋಳವಾಳಿಯ ಬಂಟನೂ ರಣದಲ್ಲಿ ಸಾಯಬಹುದಾದ್ದರಿಂದ ಎರಡಕ್ಕೂ ಅಂತರವೇನೆಂದು ಕೇಳಬಹುದು. ಅಂತರವಿರುವುದು ಸಾವಿನ ಪ್ರಯೋಜನದಲ್ಲಿ. ಜೋಳವಾಳಿಯವನ ಸಾವು ಅವನ ಕೆಲಸದ ನಡುವೆ ಬರುತ್ತದೆ. ಅದರಿಂದ ಒಡೆಯನ ಊರೋ ತುರುವೋ ಉಳಿಯುತ್ತದೆ. ವೇಳೆವಾಳಿಯವನು ಒಡೆಯನು ಸಹಜವಾಗಿ ತೀರಿಕೊಂಡರೂ ಸಾಯುತ್ತಾನೆ. ಆಗ ಅವನ ಪ್ರಾಣದಿಂದ ಒಡೆಯನಿಗೆ ಆಗಬೇಕಾದುದು ಏನೂ ಉಳಿದಿರುವುದಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಗಂಗರ ಶಾಸನಶಿಲೆಯಲ್ಲಿ ಸಾಯುತ್ತಿರುವ ನೀತಿಮಾರ್ಗ ಎರೆಗಂಗನು ಮಂಚದ ಮೇಲೆ ಮಲಗಿದ್ದಾನೆ. ಅವನನ್ನು ಆತುಕೊಂಡಿರುವ ಅಗರಯ್ಯನು 'ಕೀಳ್ಗುಂಟೆ'ಯಾದನೆಂದು, ಎಂದರೆ ಒಡೆಯನೊಡನೆ ಸಮಾಧಿಯನ್ನು ಹೊಕ್ಕನೆಂದು ಶಾಸನವು ತಿಳಿಸುತ್ತದೆ. ಕೊಡು-ಕೊಳ್ಳುವ ಯಾವ ಲೆಕ್ಕದಲ್ಲಿಯೂ ಈ ಸಾವು ಕೂಡುವುದಿಲ್ಲ. ಇದು ವಿಶ್ವಾಸದ ಫಲವಲ್ಲ, ಶ್ರದ್ಧೆಯ ಫಲ.

ಹೊಯ್ಸಳರ ಕಾಲದಲ್ಲಿ ಈ ವ್ರತವು ಪರಾಕಾಷ್ಠೆಯನ್ನು ಮುಟ್ಟಿತು. 'ಮಲೆಪರೊಳ್ ಗಂಡ'ರೆಂದು ಬಿರುದು ಧರಿಸಿದ ಈ ಅರಸರು ಮೂಲದಲ್ಲಿ ಈ ಗುಡ್ಡಗಳವರೇ. ಅವರ ವಂಶೋತ್ಪತ್ತಿಯ ಕಥೆಯೇ ಶ್ರದ್ಧೆಯ ಕಥೆ: ಸೊಸೆವೂರಿನಲ್ಲಿ ಹುಲಿಯೆದ್ದು ಬಂದಾಗ ಮುನಿಯು 'ಪೊಯ್ ಸಳ' ಎಂದನು; ಸಳನು ಏಕೆ, ಹೇಗೆ ಎಂದು ಕೇಳದೆ ಹೊಡೆದನು. ಕಥೆಯ ಐತಿಹಾಸಿಕತೆ ಇಲ್ಲಿ ಮುಖ್ಯವಲ್ಲ. ಪ್ರಶ್ನಿಸದೆ ನಡೆದ ವಿಧೇಯತೆಯನ್ನು ಒಂದು ರಾಜವಂಶವು ತನ್ನ ಮೂಲವೆಂದು ಶಿಲ್ಪದಲ್ಲಿ ಕಡೆಸಿಕೊಂಡಿತೆಂಬುದು ಮುಖ್ಯ. ೧೨೨೦ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನು ತನ್ನ ಮಡದಿ ಸುಗ್ಗಲದೇವಿಯೊಡನೆಯೂ ತನ್ನೊಡನೆ ಭಾಷೆ ತೊಟ್ಟಿದ್ದ ಸಾವಿರ ಮಂದಿ ವೀರರೊಡನೆಯೂ ಪ್ರಾಣವನ್ನು ನೀಗಿದನೆಂದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದ ಶಾಸನ ಸಾರುತ್ತದೆ. ಆ ಕಂಬದ ಮೇಲೆ ತಮ್ಮ ಕೈಯಿಂದಲೇ ತಮ್ಮ ತಲೆಯನ್ನರಿದುಕೊಳ್ಳುವ ವೀರರ ಉಬ್ಬುಚಿತ್ರಗಳಿವೆ. 'ಕುವರ' ಎಂಬ ಹೆಸರೇ ಅರಸನಿಗೂ ಅವನಿಗೂ ಇದ್ದ ಹತ್ತಿರದ ನಂಟನ್ನು ಸೂಚಿಸುತ್ತದೆ.

ಇಂಥ ಶಾಸನಗಳನ್ನು ಓದಿದವರು ಆ ಧೀರತೆಗೆ ತಲೆಬಾಗುವುದು ಸಹಜ. ಆದರೆ ಇತಿಹಾಸದ ವಿದ್ಯಾರ್ಥಿಯು ಅಲ್ಲಿಯೇ ನಿಲ್ಲುವಂತಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಆನೆಯ ಮೇಲೆ ಗರುಡನಿರುವ ಶಿಲ್ಪಗಳನ್ನು ಹೊತ್ತ ಹದಿಮೂರನೆಯ ಶತಮಾನದ ಕಂಬಗಳಿವೆ. ಅಲ್ಲಿನ ಶಾಸನಗಳು ಒಂದೇ ಮನೆತನದವರು ಹಲವು ತಲೆಮಾರುಗಳ ಕಾಲ ಒಬ್ಬ ಹೊಯ್ಸಳ ಅರಸನಾದ ಮೇಲೆ ಮತ್ತೊಬ್ಬನಿಗೆ ಗರುಡರಾಗಿ ಮಡಿದುದನ್ನು ಹೇಳುತ್ತವೆ; ಅವರೊಡನೆ ಅಳಿದ ಹೆಂಡಿರನ್ನೂ ದಾಸಿಯರನ್ನೂ ಆಳುಗಳನ್ನೂ ಸ್ಮರಿಸುತ್ತವೆ. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ತಂದೆಯಿಂದ ಮಗನಿಗೆ ಬಳುವಳಿಯಾಗಿ ಬಂದ ವ್ರತವು ಎಷ್ಟರಮಟ್ಟಿಗೆ ವ್ರತ? ಅದನ್ನು ತೊಡದೆ ಇರುವ ಸ್ವಾತಂತ್ರ್ಯವು ಆ ಮನೆಯಲ್ಲಿ ಹುಟ್ಟಿದವನಿಗೆ ಇತ್ತೆಂದು ಊಹಿಸುವುದು ಕಷ್ಟ. ಎರಡನೆಯದಾಗಿ, ದಾಸಿಯರು ಅರಸನಿಗೆ ಭಾಷೆ ಕೊಟ್ಟವರೇ? ಅವರ ಋಣವಿದ್ದುದು ಗರುಡನ ಮನೆಗೆ, ಗರುಡನ ವ್ರತವಿದ್ದುದು ಅರಸನಿಗೆ. ಒಬ್ಬನ ಶ್ರದ್ಧೆಯು ಅವನನ್ನು ಆಶ್ರಯಿಸಿದವರ ಪ್ರಾಣವನ್ನೂ ಸೆಳೆದುಕೊಂಡು ಹೋದುದಕ್ಕೆ ಈ ಕಂಬಗಳು ಸಾಕ್ಷಿ. ಹೊಗಳಿಕೆ ವ್ರತ ತೊಟ್ಟವನ ಪಾಲಿಗೆ ಬಂದಿತು. ಬೆಲೆಯನ್ನು ತೆತ್ತವರಲ್ಲಿ ಹಲವರು ಎಣಿಕೆಯಾಗಿ ಮಾತ್ರ ಉಳಿದರು.

ಕಾವ್ಯವು ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯನ್ನು ತೋರಿಸುತ್ತದೆ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಭಾನುಮತಿಯೊಡನೆ ಕರ್ಣನು ನೆತ್ತವಾಡುವಾಗ ಹಾರ ಹರಿದ ಪ್ರಸಂಗವು ಪ್ರಸಿದ್ಧವಾದುದು. ದುರ್ಯೋಧನನು ಅಲ್ಲಿ ಶಂಕಿಸುವುದಿಲ್ಲ. ಬಹುಕಾಲದ ಒಡನಾಟದಿಂದ ಗೆಳೆಯನನ್ನು ಬಲ್ಲವನ ವಿಶ್ವಾಸವದು. ಕರ್ಣನಾದರೋ ತನ್ನ ಹುಟ್ಟಿನ ನಿಜವನ್ನು ತಿಳಿದ ಮೇಲೆಯೂ, ಕೇಡು ಕಣ್ಣೆದುರಿಗಿದ್ದರೂ ಒಡೆಯನನ್ನು ಬಿಡುವುದಿಲ್ಲ. ಇದು ಲೆಕ್ಕವನ್ನು ದಾಟಿದ ಶ್ರದ್ಧೆ. ಒಂದೇ ನಂಟಿನಲ್ಲಿ ಒಂದು ಕಡೆಯಿಂದ ವಿಶ್ವಾಸವೂ ಇನ್ನೊಂದು ಕಡೆಯಿಂದ ಶ್ರದ್ಧೆಯೂ ಹರಿಯಬಹುದೆಂದು ಇದರಿಂದ ತಿಳಿಯುತ್ತದೆ. ಹಾಗೆ ಹರಿದಾಗ ಎರಡು ಕಡೆಯವರು ತೆರುವ ಬೆಲೆ ಸಮವಾಗಿರುವುದಿಲ್ಲ.

೪. ಪಾಳೆಯಗಾರರ ಕಾಲ

ವಿಜಯನಗರದ ಕಾಲದಲ್ಲಿ ಬೇಲೂರಿನ ಸೀಮೆಯನ್ನಾಳಿದ ಎರ ಕೃಷ್ಣಪ್ಪ ನಾಯಕನು ಹಡಪದ ಬಯ್ಯಪ್ಪ ನಾಯಕನ ಮಗನು. ಹಡಪವೆಂದರೆ ಎಲೆಯಡಿಕೆಯ ಚೀಲ. ಅರಸನ ಬಾಯಿಗೆ ಹೋಗುವ ವೀಳ್ಯವು ಯಾರ ಕೈಯಿಂದ ಬರುವುದೋ ಅವನು ಮಂತ್ರಿಗಿಂತಲೂ ಹೆಚ್ಚಿನ ವಿಶ್ವಾಸಕ್ಕೆ ಪಾತ್ರನಾಗಿರಬೇಕು. ಅಂಥವರ ಮನೆತನಕ್ಕೆ ನಾಡನ್ನು ವಹಿಸಿಕೊಟ್ಟುದು ಅಂದಿನ ಆಡಳಿತದ ತರ್ಕಕ್ಕೆ ಒಪ್ಪುವಂಥದು. ದಿನದಿನವೂ ಪರೀಕ್ಷೆಗೊಳಗಾಗಿ ಬೆಳೆದ ವಿಶ್ವಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಹದಿನೆಂಟನೆಯ ಶತಮಾನದ ಕೊನೆಗೆ ಈ ಗುಡ್ಡಗಳಲ್ಲಿ ಅರಸನಿಗೂ ಪಾಳೆಯಗಾರನಿಗೂ ನಡುವೆ ವಿಶ್ವಾಸವಾಗಲಿ ಶ್ರದ್ಧೆಯಾಗಲಿ ಉಳಿದಿರಲಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಬಲಂ ಪಾಳೆಯಗಾರನು ಟಿಪ್ಪುವಿನ ವಿರೋಧಿಗಳನ್ನು ಕೂಡಿಕೊಂಡು, ಒಪ್ಪಂದವಾದ ಮೇಲೆ ಅಂಜಿ ಕೊಡಗಿಗೆ ಹೋದನು. ಟಿಪ್ಪು ಅವನನ್ನು ಮರಳಿ ಕರೆಸಿಕೊಂಡು ಐಗೂರು ಸೀಮೆಯನ್ನು ಕೊಟ್ಟನು. ಆದರೆ ೧೭೯೨ರ ಹೊತ್ತಿಗೆ ಎಂಟು ಮೂಲೆಗಳ ಮಂಜರಾಬಾದು ಕೋಟೆಯೂ ಎದ್ದು ನಿಂತಿತ್ತು. ಕೈಯಲ್ಲಿ ಸೀಮೆಯನ್ನು ಕೊಟ್ಟು ತಲೆಯ ಮೇಲೆ ಕೋಟೆಯನ್ನಿಡುವ ಸಂಬಂಧಕ್ಕೆ ಹೊಂದಾಣಿಕೆಯೆಂದು ಹೇಳಬಹುದೇ ಹೊರತು ವಿಶ್ವಾಸವೆನ್ನಲಾಗದು. ೧೭೯೯ರ ಬಳಿಕವೂ ಸ್ವತಂತ್ರನಾಗಿರಬೇಕೆಂದು ಹೋರಾಡಿದ ಬಲಂ ಪಾಳೆಯಗಾರನನ್ನು ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅರೆಕೆರೆಯಲ್ಲಿ ಸೋಲಿಸಿತು, ಅವನನ್ನು ಗಲ್ಲಿಗೇರಿಸಲಾಯಿತು.

೫. ತೋಟ, ಮೇಸ್ತ್ರಿ ಮತ್ತು ಮುಂಗಡ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಕಾಡುಗಳಲ್ಲಿ ಕಾಫಿಯ ತೋಟಗಳು ಹಬ್ಬತೊಡಗಿದವು. ೧೮೫೬ರಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ಎಂಬ ತೋಟಗಾರನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಈ ಸೀಮೆಯ ತೋಟದ ಬಾಳನ್ನು ಕುರಿತು ಪುಸ್ತಕಗಳನ್ನು ಪ್ರಕಟಿಸಿದನು. ತೋಟಕ್ಕೆ ಬೇಕಾದಷ್ಟು ಆಳುಗಳು ಸ್ಥಳದಲ್ಲಿ ದೊರೆಯುತ್ತಿರಲಿಲ್ಲ; ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಅವರನ್ನು ಕರೆತರಬೇಕಾಗಿತ್ತು. ಈ ಕೆಲಸವು ಮೇಸ್ತ್ರಿಗಳದು. ಯಜಮಾನನು ಮೇಸ್ತ್ರಿಗೆ ಮುಂಗಡ ಕೊಡುವನು. ಮೇಸ್ತ್ರಿಯು ಊರಿಗೆ ಹೋಗಿ ಅದನ್ನು ಆಳುಗಳ ಮನೆಗಳಿಗೆ ಹಂಚುವನು. ನಿಶ್ಚಯಿಸಿದ ಕಾಲಕ್ಕೆ ಅವರನ್ನು ಕರೆದುಕೊಂಡು ಬರುವನು. ಕೂಲಿಯಲ್ಲಿ ಮುಂಗಡವು ಮುರಿದುಹೋಗುವುದು.

ಮೂಲದಲ್ಲಿ ಇದು ವಿಶ್ವಾಸದ ವ್ಯವಹಾರವೇ. ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಘಟ್ಟವನ್ನಿಳಿದ ಮೇಸ್ತ್ರಿಯು ಮತ್ತೆ ಬರುವನೆಂಬುದಕ್ಕೆ ಯಜಮಾನನ ಬಳಿ ಇದ್ದ ಆಧಾರವು ಹಿಂದಿನ ವರ್ಷ ಅವನು ಬಂದಿದ್ದನೆಂಬುದೊಂದೇ. ಮೇಸ್ತ್ರಿಗೂ ಆಳಿಗೂ ನಡುವೆ ಊರು, ನಂಟು, ಭಾಷೆಗಳ ಪರಿಚಯವಿತ್ತು. ಆದರೆ ತೋಟದೊಡೆಯರು ಈ ವಿಶ್ವಾಸವೊಂದನ್ನೇ ನೆಚ್ಚಿಕೊಂಡು ಕೂರಲಿಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಸೆರೆಗೆ ಕಳುಹಿಸಲು ಅವಕಾಶ ಕೊಟ್ಟ ಕಾನೂನು ೧೮೫೯ರಲ್ಲಿಯೇ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದಿತ್ತು. ದಕ್ಷಿಣದ ತೋಟಗಾರರು ಅದನ್ನು ಬಹಳವಾಗಿ ಆಶ್ರಯಿಸಿದರು. ಅದರ ರದ್ದತಿಗೆ ಶಾಸನವಾದುದು ೧೯೨೫ರಲ್ಲಿ. ಕೂಲಿಯನ್ನು ಸರಿಯಾಗಿ ಕೊಡದ ಯಜಮಾನನಿಗೆ ಅದೇ ಬಗೆಯ ಸೆರೆಯಿರಲಿಲ್ಲವೆಂಬುದನ್ನು ಗಮನಿಸಬೇಕು. ಮಾತಿಗೆ ತಪ್ಪಿದರೆ ಒಬ್ಬನಿಗೆ ನಷ್ಟ, ಇನ್ನೊಬ್ಬನಿಗೆ ಸೆರೆ ಎಂದಾದಲ್ಲಿ ವಿಶ್ವಾಸವೆಂಬ ಮಾತಿಗೆ ಅರ್ಥವಿರುವುದಿಲ್ಲ.

ಇದಕ್ಕಿಂತಲೂ ಆಳವಾಗಿ ಕೆಲಸ ಮಾಡಿದುದು ಇನ್ನೊಂದು ಬಂಧನ. ಲೆಕ್ಕದ ಪುಸ್ತಕವಿದ್ದುದು ಯಜಮಾನನ ರೈಟರ ಕೈಯಲ್ಲಿ. ಓದಲು ಬಾರದ ಆಳು ತನ್ನ ಸಾಲವೆಷ್ಟು, ಮುರಿದುದೆಷ್ಟು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಲೆಕ್ಕವನ್ನು ಕೇಳಿದರೆ 'ನಮ್ಮ ಮೇಲೆ ನಂಬಿಕೆಯಿಲ್ಲವೇ? ಯಾರ ಅನ್ನ ಉಂಡೆ?' ಎಂಬ ಉತ್ತರ ಎಲ್ಲ ಒಡೆತನಗಳಲ್ಲಿಯೂ ಸಿದ್ಧವಾಗಿರುತ್ತದೆ. ಇಲ್ಲಿ ನಡೆಯುವುದೇನೆಂದರೆ, ವಿಶ್ವಾಸವು ಕೇಳಬಹುದಾದ ಪ್ರಶ್ನೆಯನ್ನು ಶ್ರದ್ಧೆಯ ಹೆಸರಿನಿಂದ ಬಾಯಿಮುಚ್ಚಿಸುವುದು. ಆಳು ಒಪ್ಪಿಕೊಂಡಿದ್ದುದು ಜೋಳವಾಳಿಯನ್ನು. ಅವನಿಂದ ನಿರೀಕ್ಷಿಸುವುದು ವೇಳೆವಾಳಿಯನ್ನು. ಈ ಸ್ಥಿತ್ಯಂತರದ ಚರಿತ್ರೆಯನ್ನು ಒಂದು ಪದವೇ ಹೇಳುತ್ತದೆ. ಶಾಸನಗಳಲ್ಲಿ ಸೇವೆಗೆ ಪ್ರತಿಯಾಗಿ ದೊರೆತ ಬಾಳುವೆಯ ಆಧಾರಕ್ಕೆ 'ಜೀವಿತ'ವೆಂದು ಹೆಸರು. ಅದರ ತದ್ಭವವೇ 'ಜೀತ'. ಸಾಲಕ್ಕೆ ಸಿಕ್ಕಿ ಬಿಡುಗಡೆಯಿಲ್ಲದೆ ದುಡಿಯುವುದನ್ನು ಸೂಚಿಸುವ ಪದವಾಗಿ ಅದು ಇಳಿದು ಬಂದಿತು. ೧೯೫೧ರ ತೋಟ ಕಾರ್ಮಿಕರ ಅಧಿನಿಯಮವು ವಸತಿ, ವೈದ್ಯಸಹಾಯ ಮುಂತಾದುವನ್ನು ಯಜಮಾನನ ದಯೆಯಿಂದ ಆಳಿನ ಹಕ್ಕಿಗೆ ವರ್ಗಾಯಿಸಿತು. ೧೯೭೬ರ ಅಧಿನಿಯಮವು ಜೀತವನ್ನೂ ಅದರ ಸಾಲವನ್ನೂ ರದ್ದುಗೊಳಿಸಿತು. ಕಾನೂನು ಬಂದುದರಿಂದ ಯಜಮಾನ-ಆಳುಗಳ ಹಳೆಯ ವಿಶ್ವಾಸವು ಕೆಟ್ಟಿತೆಂದು ದೂರುವವರುಂಟು. ನಮ್ಮ ಅಭಿಪ್ರಾಯದಲ್ಲಿ, ಬಿಟ್ಟುಹೋಗುವ ಸ್ವಾತಂತ್ರ್ಯವುಳ್ಳವನು ಬಿಡದೆ ನಿಂತಾಗ ಮಾತ್ರ ವಿಶ್ವಾಸವಿತ್ತೆಂದು ಹೇಳಲು ಸಾಧ್ಯ. ಆದುದರಿಂದ ಈ ಕಾನೂನುಗಳು ವಿಶ್ವಾಸವನ್ನು ಕೆಡಿಸದೆ ಅದಕ್ಕೆ ನೆಲೆಯನ್ನು ಒದಗಿಸಿದವು.

೬. ಮುಯ್ಯಿ ಮತ್ತು ಆಣೆ

ಸಮಾನರ ನಡುವಣ ವಿಶ್ವಾಸವು ಹೇಗಿರುವುದೆಂಬುದನ್ನು ಈ ಮಲೆನಾಡಿನ ಗದ್ದೆಗಳಲ್ಲಿ ನೋಡಬಹುದು. ನಾಟಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಆಳಾಗಿ ಹೋಗುವುದು, ಆ ಮನೆಯವರು ಬಂದು ಅಷ್ಟೇ ದಿನದ ದುಡಿಮೆಯನ್ನು ಹಿಂದಿರುಗಿಸುವುದು — ಇದಕ್ಕೆ ಮುಯ್ಯಾಳೆಂದು ಹೆಸರು. ಪತ್ರವಿಲ್ಲ, ಸಾಕ್ಷಿಯಿಲ್ಲ; ಆದರೆ ಲೆಕ್ಕವಿದೆ. ಎಷ್ಟು ಆಳು, ಎಷ್ಟು ದಿನ ಎಂಬುದನ್ನು ಎರಡು ಮನೆಗಳೂ ನೆನಪಿಟ್ಟುಕೊಳ್ಳುತ್ತವೆ. ಮದುವೆಯ ಮುಯ್ಯಿಯಲ್ಲಿ ಈ ಲೆಕ್ಕವು ಬಹಿರಂಗವಾಗಿಯೇ ನಡೆಯುತ್ತದೆ: ಯಾರು ಎಷ್ಟು ಕೊಟ್ಟರೆಂಬುದನ್ನು ಕೂಗಿ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಅವರ ಮನೆಯ ಮದುವೆಗೆ ಅದನ್ನು ತೀರಿಸುತ್ತಾರೆ. ಇದರಿಂದ ನಂಟಿಗೆ ಕುಂದು ಬಂದಿತೆಂದು ಯಾರೂ ತಿಳಿಯುವುದಿಲ್ಲ. ಲೆಕ್ಕವು ವಿಶ್ವಾಸಕ್ಕೆ ಶತ್ರುವೆಂಬ ಭಾವನೆಯು ತಪ್ಪೆಂಬುದಕ್ಕೆ ಇದು ಸಾಕಾದ ಪ್ರಮಾಣ. ಎರಡು ಕೈಗಳಲ್ಲಿಯೂ ಇರುವ ಲೆಕ್ಕವು ವಿಶ್ವಾಸವನ್ನು ಕಾಯುತ್ತದೆ. ಒಂದೇ ಕೈಯಲ್ಲಿರುವ ಲೆಕ್ಕವು ಅದನ್ನು ಕೊಲ್ಲುತ್ತದೆ.

ಈ ವಿಶ್ವಾಸವು ಮುರಿದಾಗ ಜನರು ಶ್ರದ್ಧೆಯನ್ನು ಕರೆಯುತ್ತಾರೆ. ಸಾಲದ ತಕರಾರು, ಪಾಲಿನ ತಕರಾರುಗಳಲ್ಲಿ ದೇವರ ಮುಂದೆ ಆಣೆ ಮಾಡುವ ವಾಡಿಕೆ ಘಟ್ಟದ ಮೇಲೂ ಕೆಳಗೂ ಇದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಇಂಥ ವ್ಯಾಜ್ಯಗಳ ತೀರ್ಮಾನಕ್ಕೆ 'ಹೊಯ್ಲು' ಎಂದು ಹೆಸರು. ಇದರ ರಚನೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಾದಿ-ಪ್ರತಿವಾದಿಗಳಿಗೆ ಒಬ್ಬರಲ್ಲೊಬ್ಬರಿಗೆ ವಿಶ್ವಾಸವಿಲ್ಲ. ಇಬ್ಬರಿಗೂ ಮೂರನೆಯದಾದ ದೈವದಲ್ಲಿ ಶ್ರದ್ಧೆಯಿದೆ. ಆ ಶ್ರದ್ಧೆಯ ಆಸರೆಯಿಂದ ಮುರಿದ ವಿಶ್ವಾಸವನ್ನು ಕೂಡಿಸಲು ಯತ್ನಿಸುತ್ತಾರೆ. ಅಂದರೆ ಮನುಷ್ಯನಲ್ಲಿ ಶ್ರದ್ಧೆಯಿಡಬೇಕೆಂದು ಈ ಪದ್ಧತಿಯು ಕೇಳುವುದಿಲ್ಲ; ಮನುಷ್ಯರಿಬ್ಬರೂ ಸಮಾನವಾಗಿ ತಲೆಬಾಗುವಲ್ಲಿ ಅದನ್ನು ಇಡುತ್ತದೆ. ವೇಳೆವಾಳಿಯಲ್ಲಿ ಒಡೆಯನೇ ದೈವದ ಸ್ಥಾನದಲ್ಲಿ ನಿಂತಿದ್ದನೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

೭. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ವಿಶ್ವಾಸವು ಬೆಳೆದು ಬೆಳೆದು ಕೊನೆಗೆ ಶ್ರದ್ಧೆಯಾಗುವುದೆಂಬ ಸಾಮಾನ್ಯ ಅಭಿಪ್ರಾಯವು ನಿಲ್ಲುವುದಿಲ್ಲ. ಹಡಪದವನಲ್ಲಿ ಅರಸನಿಗಿದ್ದುದು ವಿಶ್ವಾಸದ ಪರಮಾವಧಿ. ಆದರೂ ಅದು ಅಗರಯ್ಯನ ವ್ರತದಂಥದಲ್ಲ. ಅವು ಜಾತಿಯಲ್ಲಿಯೇ ಬೇರೆಯಾದುವು. ಎರಡನೆಯದಾಗಿ, ಒಬ್ಬರಿಂದ ಶ್ರದ್ಧೆಯನ್ನು ಕೇಳಿ ಪಡೆಯುವಂತಿಲ್ಲ. ಬಲವುಳ್ಳವನು ಬಲಹೀನನಿಂದ ಅದನ್ನು ಕೇಳಿದನೆಂದರೆ ಅಲ್ಲಿ ಸಾಮಾನ್ಯವಾಗಿ ಒಂದು ಲೆಕ್ಕವು ಬಚ್ಚಿಟ್ಟಿದೆಯೆಂದೇ ತಿಳಿಯಬೇಕು. ಮೂರನೆಯದಾಗಿ, ಶ್ರದ್ಧೆಯ ಬೆಲೆಯನ್ನು ಅದನ್ನು ಇಟ್ಟವನೊಬ್ಬನೇ ತೆರುವುದಿಲ್ಲ. ಅವನನ್ನು ನಂಬಿದವರೂ ತೆರುತ್ತಾರೆ.

ಹಾಗಾದರೆ ಗೆಳೆತನದಲ್ಲಿ, ದಾಂಪತ್ಯದಲ್ಲಿ, ಗುರುಶಿಷ್ಯರ ನಂಟಿನಲ್ಲಿ ಶ್ರದ್ಧೆಗೆ ಸ್ಥಾನವೇ ಇಲ್ಲವೇ ಎಂದು ಕೇಳಬಹುದು. ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ತಪ್ಪುಮಾಡಿದ ಗೆಳೆಯನನ್ನು, ದಾರಿ ತಪ್ಪಿದ ಮಗನನ್ನು ಸಾಕ್ಷ್ಯಕ್ಕೆ ವಿರುದ್ಧವಾಗಿಯೂ ಕೈಬಿಡದೆ ಇರುವವರಿಂದಲೇ ಲೋಕವು ನಡೆಯುತ್ತಿದೆ. ವಿಶ್ವಾಸವು ಕಳೆದುಹೋದ ಮೇಲೆ ಅದು ಮತ್ತೆ ಚಿಗುರುವವರೆಗಿನ ಬರಿಗಾಲದಲ್ಲಿ ನಂಟನ್ನು ಹಿಡಿದು ನಿಲ್ಲಿಸುವುದು ಶ್ರದ್ಧೆಯೊಂದೇ. ಆದರೆ ಅದು ಇಡುವವನ ಸ್ವಂತ ದಾನವಾಗಿರಬೇಕು, ಪಡೆಯುವವನ ಹಕ್ಕಾಗಬಾರದು; ಅದರ ಹೆಸರಿನಿಂದ ಮತ್ತೊಬ್ಬರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ತೆರಬಾರದು. ದಿನದ ಬಾಳಿಗೆ ಬೇಕಾದುದು ಮುಯ್ಯಾಳಿನ ವಿಶ್ವಾಸ. ಹಳೇಬೀಡಿನ ಕಂಬವನ್ನು ನೋಡಲು ಹೋಗುವ ವಿದ್ಯಾರ್ಥಿಗಳು ಅಲ್ಲಿ ಕುವರ ಲಕ್ಷ್ಮನ ಧೈರ್ಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲಿ. ಅವನೊಡನೆ ಅಳಿದವರಲ್ಲಿ ಯಾರು ಯಾರಿಗೆ ಭಾಷೆ ಕೊಟ್ಟಿದ್ದರೆಂಬ ಪ್ರಶ್ನೆಯನ್ನೂ ಕೇಳಲಿ. ಮಲೆನಾಡಿನ ಊರುಗಳಲ್ಲಿ ಉಳಿದಿರುವ ಮುಯ್ಯಿಯ ಪುಸ್ತಕಗಳನ್ನೂ ತೋಟಗಳ ಹಳೆಯ ಮುಂಗಡದ ಲೆಕ್ಕಗಳನ್ನೂ ಸಂಗ್ರಹಿಸಿ ಓದುವ ಕೆಲಸವು ನಡೆದರೆ ಈ ವಿಚಾರವು ಇನ್ನೂ ದೃಢವಾದ ತಳಹದಿಯ ಮೇಲೆ ನಿಲ್ಲುವುದು.